ಲೀ-ಎನ್‌ಫೀಲ್ಡ್ ರೈಫಲ್

ಲೀ-ಎನ್‌ಫೀಲ್ಡ್ ರೈಫಲ್ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ಮೂಲಕ ಒಂದರ ನಂತರ ಒಂದು ತೋಟಾವನ್ನು ಹಾರಿಸಬಲ್ಲ ಸೈನಿಕ ಬಂದೂಕು. 1895ರಲ್ಲಿ ಬ್ರಿಟಿಷ್ ಸೇನೆಯ ಬಳಕೆಗೆ ಬಂದ ಇದು ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಹಾಗೂ ಭಾರತೀಯ ಪದಾತಿ ದಳಗಳ ಮುಖ್ಯ ಆಯುಧವಾಗಿತ್ತು. ನಳಿಗೆಯ ಅಳತೆ 0.303 ಅಂಗುಲ (7.7 ಮಿ.ಮೀ.) ಆದುದರಿಂದ ಭಾರತದಲ್ಲಿ ಇದು ‘ತ್ರೀ ನಾಟ್ ತ್ರೀ’ ಎಂದೇ ಪರಿಚಿತವಾಗಿದೆ.

ಹಿನ್ನೆಲೆ

19ನೆಯ ಶತಮಾನದ ಮಧ್ಯಭಾಗದವರೆಗೆ ಸೈನಿಕರು ಪ್ರತಿ ಹೊಡೆತಕ್ಕೂ ನಳಿಗೆಯ ಬಾಯಿಂದ ಮದ್ದುಗುಂಡು ತುಂಬಬೇಕಾಗಿತ್ತು. ಅಮೆರಿಕದಲ್ಲಿ 1860ರಲ್ಲಿ ರೂಪುಗೊಂಡ ಸ್ಪೆನ್ಸರ್ ಮತ್ತು ಹೆನ್ರಿ ಬಂದೂಕುಗಳು ಹಲವು ತೋಟಾಗಳನ್ನು ಒಳಗೇ ಇರಿಸಿಕೊಳ್ಳುತ್ತಿದ್ದವು. ಸ್ಪೆನ್ಸರ್‌ನಲ್ಲಿ ಏಳು ತೋಟಾಗಳ ಕೊಳವೆ ಹಿಂಬದಿಯ ಮರದ ಬುಡದಲ್ಲಿಯೂ, ಹೆನ್ರಿಯಲ್ಲಿ ನಳಿಗೆಯ ಕೆಳಗೂ ಇತ್ತು. ಕೊಳವೆಯಲ್ಲಿ ತೋಟಾಗಳು ಸಾಲಾಗಿ ನಿಲ್ಲುವುದರಿಂದ ಒಂದರ ಮೊನೆ ಮುಂದಿನದರ ಸ್ಫೋಟಕ ಬುಡಕ್ಕೆ ತಾಗುತ್ತದೆ. ಆದ್ದರಿಂದ ಮೊನಚಾದ ಗುಂಡುಗಳ ಬಳಕೆ ಅಪಾಯಕಾರಿಯಾಗಿತ್ತು.

ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಉತ್ತರ ಅಮೆರಿಕದಲ್ಲಿ ನೆಲೆಸಿದ ಜೇಮ್ಸ್ ಪ್ಯಾರಿಸ್ ಲೀ ಅವರು 1879ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ ಮ್ಯಾಗಜೀನ್ ಈ ತೊಡಕನ್ನು ನಿವಾರಿಸಿತು. ಇದರಲ್ಲಿ ತೋಟಾಗಳು ಒಂದರ ಮೇಲೊಂದು ನಿಲ್ಲುತ್ತವೆ. 1886ರಲ್ಲಿ ಫ್ರಾನ್ಸ್ ಹೊಗೆರಹಿತ ಮದ್ದಿನ ಲೆಬೆಲ್ ರೈಫಲನ್ನು ಅಳವಡಿಸಿಕೊಂಡಿತು. 1888ರಲ್ಲಿ ಬ್ರಿಟನ್ ಲೀ-ಮೆಟ್‌ಫರ್ಡ್ ಮಾದರಿಯನ್ನು ಆಯ್ದುಕೊಂಡಿತು. ಆದರೆ ಹೊಸ ಕಾರ್ಡೈಟ್ ಮದ್ದಿನ ಶಾಖಕ್ಕೆ ಅದರ ನಳಿಗೆಯ ತೆಳುವಾದ ಸುರುಳಿಗೆರೆಗಳು ಬೇಗ ಸವೆದವು. ಎನ್‌ಫೀಲ್ಡ್ ಕಾರ್ಖಾನೆಯು ಐದು ಆಳವಾದ ಗೆರೆಗಳ ನಳಿಗೆಯನ್ನು ರೂಪಿಸಿದಾಗ ಲೀ-ಎನ್‌ಫೀಲ್ಡ್ ಜನ್ಮ ತಾಳಿತು.

ರಚನೆ ಮತ್ತು ಕಾರ್ಯವಿಧಾನ

ಬೋಲ್ಟಿನ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆದಾಗ ಖಾಲಿ ಕವಚ ಹೊರಗೆ ಚಿಮ್ಮುತ್ತದೆ. ಮ್ಯಾಗಜೀನಿನ ತಳದಲ್ಲಿರುವ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲಕ್ಕೆ ಒತ್ತುತ್ತದೆ. ಬೋಲ್ಟನ್ನು ಮುಂದೆ ತಳ್ಳಿದಾಗ ತೋಟಾ ಕೋಣೆಯನ್ನು ಸೇರುತ್ತದೆ, ಅದೇ ಚಲನೆಯಲ್ಲಿ ಹೊಡೆಮೊಳೆಯ ಸ್ಪ್ರಿಂಗ್ ಬಿಗಿಯಾಗುತ್ತದೆ. ಬೋಲ್ಟನ್ನು ಭದ್ರಪಡಿಸುವ ಚಾಚುಗಳು ಹಿಂಭಾಗದಲ್ಲಿರುವುದರಿಂದ ಅದು ಚಲಿಸಬೇಕಾದ ದೂರ ಕಡಿಮೆ. ಮ್ಯಾಗಜೀನು ಹತ್ತು ತೋಟಾಗಳನ್ನು ಹಿಡಿಯುತ್ತದೆ. 1907ರ ಮಾರ್ಕ್-3 ಮಾದರಿಯಲ್ಲಿ ಐದು ತೋಟಾಗಳ ಪಟ್ಟಿಗಳಿಂದ ಒಮ್ಮೆಗೇ ತುಂಬಬಹುದಾಗಿತ್ತು. ಸುಮಾರು 4 ಕಿ.ಗ್ರಾಂ. ತೂಗುವ ಈ ಬಂದೂಕಿನಿಂದ ನುರಿತ ಸೈನಿಕನು ನಿಮಿಷಕ್ಕೆ 15 ಗುರಿಯಿಟ್ಟ ಗುಂಡುಗಳನ್ನು ಹಾರಿಸಬಲ್ಲವನಾಗಿದ್ದನು.

ಮೊದಮೊದಲು ಸೇನಾಧಿಕಾರಿಗಳು ತೋಟಾಗಳು ವ್ಯರ್ಥವಾದಾವೆಂದು ಅಂಜಿ, ಮ್ಯಾಗಜೀನನ್ನು ಮುಚ್ಚುವ ಲೋಹದ ಫಲಕವೊಂದನ್ನು ಇರಿಸಿದ್ದರು. ಸೈನಿಕನು ಒಂದೊಂದೇ ತೋಟಾ ತುಂಬಬೇಕು, ಮ್ಯಾಗಜೀನು ತುರ್ತು ಸಂದರ್ಭಕ್ಕೆ ಮೀಸಲು ಎಂಬುದು ಇದರ ಉದ್ದೇಶ.

ಭಾರತೀಯ ಸೇನೆಯಲ್ಲಿ

1857ರ ದಂಗೆಯ ತರುವಾಯ ಭಾರತೀಯ ಸಿಪಾಯಿಗಳಿಗೆ ಬ್ರಿಟಿಷ್ ಸೈನಿಕರಿಗಿಂತ ಒಂದು ತಲೆಮಾರು ಹಳೆಯ ಬಂದೂಕುಗಳನ್ನೇ ನೀಡುವ ನೀತಿ ಜಾರಿಗೆ ಬಂದಿತು. ಬ್ರಿಟಿಷರು ಮಾರ್ಟಿನಿ-ಹೆನ್ರಿ ಹಿಡಿದಾಗ ಸಿಪಾಯಿಗಳ ಕೈಯಲ್ಲಿ ಸ್ನೈಡರ್ ಇತ್ತು. 1897ರ ತಿರಾಹ್ ಕಾರ್ಯಾಚರಣೆಯಲ್ಲಿ ಬ್ರಿಟಿಷ್ ಪಡೆಗಳು ಲೀ-ಮೆಟ್‌ಫರ್ಡ್ ಬಳಸಿದರೆ, ಅವರ ಪಕ್ಕದಲ್ಲಿಯೇ ಹೋರಾಡಿದ ಭಾರತೀಯರು ಒಂದೇ ಗುಂಡಿನ ಮಾರ್ಟಿನಿ-ಹೆನ್ರಿಯಿಂದ ಕಾದಬೇಕಾಯಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಭಾರತೀಯ ದಳಗಳಿಗೂ ಲೀ-ಎನ್‌ಫೀಲ್ಡ್ ದೊರೆಯಿತು. ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ಅದರ ತಯಾರಿಕೆಯೂ ನಡೆಯಿತು.

ಬೆಳಗಾವಿ ಮತ್ತು ಮರಾಠಾ ದಳಗಳು

ಮೊದಲ ಮಹಾಯುದ್ಧದಲ್ಲಿ 103, 110 ಮತ್ತು 117ನೆಯ ಮರಾಠಾ ದಳಗಳು ಮೆಸಪಟೋಮಿಯಾದ ಕೂತ್ ಪಟ್ಟಣದಲ್ಲಿ ತುರ್ಕಿ ಸೇನೆಯ ಮುತ್ತಿಗೆಗೆ ಸಿಲುಕಿದವು. ಆಹಾರ ಮುಗಿದುದರಿಂದ 1916ರ ಏಪ್ರಿಲ್ 29ರಂದು ಅಲ್ಲಿನ ಸೈನ್ಯ ಶರಣಾಯಿತು. 1922ರ ಪುನರ್ರಚನೆಯಲ್ಲಿ 114ನೆಯ ಮರಾಠಾ ದಳವನ್ನು ತರಬೇತಿ ಬಟಾಲಿಯನ್ನಾಗಿ ಮಾರ್ಪಡಿಸಲಾಯಿತು. ಬೆಳಗಾವಿಯಲ್ಲಿ ನೆಲೆಗೊಂಡ ಈ ಕೇಂದ್ರವೇ ಮುಂದೆ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಾಗಿ ಬೆಳೆಯಿತು. ಬೆಳಗಾವಿ ನಗರ ಹಾಗೂ ಖಾನಾಪುರದಂತಹ ಗಡಿ ತಾಲ್ಲೂಕುಗಳು ಈ ದಳದ ನೇಮಕಾತಿ ಪ್ರದೇಶದಲ್ಲಿ ಸೇರಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಸಿಪಾಯಿಗಳ ಮೂಲ ಆಯುಧ ಇದೇ ಬಂದೂಕಾಗಿತ್ತು.

ಪೊಲೀಸ್ ಬಳಕೆ ಮತ್ತು ನಿವೃತ್ತಿ

ಹಳೆಯ ಬಂದೂಕುಗಳಲ್ಲಿ ಕೆಲವನ್ನು ವಸಾಹತು ಕಾಲದಲ್ಲಿಯೇ ಇಶಾಪುರದಲ್ಲಿ 0.410 ಅಂಗುಲದ ಗೆರೆಯಿಲ್ಲದ ನಳಿಗೆಗೆ ಮಾರ್ಪಡಿಸಿ ಪೊಲೀಸರಿಗೂ ಸೆರೆಮನೆ ಕಾವಲುಗಾರರಿಗೂ ನೀಡಲಾಯಿತು. ಮ್ಯಾಗಜೀನಿಗೆ ಮರದ ತುಂಡು ತುರುಕಿ ಒಂದೇ ಗುಂಡಿನ ಆಯುಧವನ್ನಾಗಿಸಿದ್ದರಿಂದ, ಅದು ಕೈತಪ್ಪಿದರೂ ಸೈನ್ಯದ ತೋಟಾಗಳಿಗೆ ಹೊಂದುತ್ತಿರಲಿಲ್ಲ.

1962ರ ಚೀನಾ ಯುದ್ಧದಲ್ಲಿಯೂ ಭಾರತೀಯ ಸೈನಿಕರು ಮುಖ್ಯವಾಗಿ ‘ತ್ರೀ ನಾಟ್ ತ್ರೀ’ಯನ್ನೇ ಹಿಡಿದಿದ್ದರು. ಅನಂತರ ಸ್ವಯಂಭರ್ತಿ ರೈಫಲ್ ಅದರ ಸ್ಥಾನವನ್ನು ಪಡೆಯಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಪೊಲೀಸರು ದಶಕಗಳ ಕಾಲ ಇದನ್ನು ಬಳಸಿದರು. ಉತ್ತರ ಪ್ರದೇಶದ ಪೊಲೀಸ್ ಇಲಾಖೆ 2020ರ ಗಣರಾಜ್ಯೋತ್ಸವದಂದು ಇದಕ್ಕೆ ವಿದಾಯ ಹೇಳಿತು.