ಆಟಗಾರರ ಹೆಸರಿನಲ್ಲಿ ಊರು, ಮನೆ, ಅಪ್ಪ

ಅರಸೀಕೆರೆಯ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತುವವರಲ್ಲಿ ಬಹಳ ಜನರ ಹೆಸರಿನ ಮುಂದೆ ಒಂದೆರಡು ಅಕ್ಷರಗಳಿರುತ್ತವೆ. ಹಾಸನ ಸೀಮೆಯ ರೂಢಿಯಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂಬ ಪೂರ್ತಿ ಹೆಸರು ಎಚ್.ಡಿ. ದೇವೇಗೌಡ ಆದದ್ದು ಹೀಗೆ. ಆಟದ ವರದಿ ಓದುವಾಗ ನಾವು ಈ ಅಕ್ಷರಗಳನ್ನು ದಾಟಿಕೊಂಡು ಹೋಗುತ್ತೇವೆ. ಬಿಡಿಸಿ ಓದಿದರೆ ಆಟಗಾರ ಯಾವ ನೆಲದವನು, ಯಾವ ಮನೆಯವನು ಎಂಬುದು ಅಲ್ಲೇ ಇರುತ್ತದೆ.

ಜಾವಗಲ್ ಮತ್ತು ಜಾನ್ಸನ್

ಜಾವಗಲ್ ಅರಸೀಕೆರೆ ತಾಲ್ಲೂಕಿನ ಊರು. ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಅಲ್ಲಿನ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದವರಿಗಿಂತ ಊರಿನ ಹೆಸರನ್ನು ಕೇಳಿದವರು ಎಷ್ಟೋ ಪಾಲು ಹೆಚ್ಚು. ಅದಕ್ಕೆ ಕಾರಣ ಜಾವಗಲ್ ಶ್ರೀನಾಥ್. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ ಅಲ್ಲೇ ಬೆಳೆದ ಈ ವೇಗಿ ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. ಅವರು ಬೌಲಿಂಗ್‌ಗೆ ಬಂದಾಗಲೆಲ್ಲ ಪರದೇಶದ ವೀಕ್ಷಕ ವಿವರಣೆಗಾರರು ನಮ್ಮ ತಾಲ್ಲೂಕಿನ ಊರೊಂದರ ಹೆಸರು ಹೇಳುತ್ತಿದ್ದರು.

ಅದೇ ತಾಲ್ಲೂಕಿನ ಇನ್ನೊಂದು ಹೆಸರು ಡೇವಿಡ್ ಜಾನ್ಸನ್. 1971ರಲ್ಲಿ ಅರಸೀಕೆರೆಯಲ್ಲೇ ಹುಟ್ಟಿದವರು. ಕರ್ನಾಟಕದ ಪರ ಬಿರುಸಿನ ಬೌಲರ್ ಎಂದು ಹೆಸರು ಮಾಡಿದ್ದರು. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಆಡಲು ಅವಕಾಶ ಸಿಕ್ಕಿತು. ಗಾಯಗೊಂಡಿದ್ದ ಶ್ರೀನಾಥ್ ಅವರ ಜಾಗಕ್ಕೇ ಬಂದರು. ಡಿಸೆಂಬರ್‌ನ ಡರ್ಬನ್ ಟೆಸ್ಟ್‌ನಲ್ಲಿ ಶ್ರೀನಾಥ್ ಜೊತೆಯಲ್ಲೇ ಆಡಿದರು. ಊರನ್ನು ಹೆಸರಿನಲ್ಲಿ ಹೊತ್ತವರು ಮೈಸೂರಿನಲ್ಲಿ ಹುಟ್ಟಿದವರು, ಅರಸೀಕೆರೆಯಲ್ಲಿ ಹುಟ್ಟಿದವರ ಹೆಸರಿನಲ್ಲಿ ಊರಿಲ್ಲ. ಜಾನ್ಸನ್ ಅವರ ಟೆಸ್ಟ್ ಬದುಕು ಆ ಎರಡು ಪಂದ್ಯಕ್ಕೇ ಮುಗಿಯಿತು. 2024ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಎರಡೇ ಟೆಸ್ಟ್ ಆದರೂ ಅರಸೀಕೆರೆ ಅವರನ್ನು ಇನ್ನೂ ಹೆಚ್ಚು ನೆನೆಯಬೇಕಿತ್ತು ಎಂಬುದು ನನ್ನ ಅನಿಸಿಕೆ.

ಊರೇ ಅಡ್ಡಹೆಸರಾಗಿ ನಿಂತ ಇನ್ನೊಂದು ಉದಾಹರಣೆ ಅನಿಲ್ ಕುಂಬ್ಳೆ. ಅವರು ಬೆಂಗಳೂರಿನವರು, ಕುಂಬಳೆ ಕಾಸರಗೋಡಿನ ಕಡಲತಡಿಯ ಊರು.

ಕೊಡಗಿನ ಮನೆಹೆಸರು

ಹಾಸನ ಜಿಲ್ಲೆ ದಾಟಿ ಕೊಡಗಿಗೆ ಕಾಲಿಟ್ಟರೆ ಲೆಕ್ಕ ಬದಲಾಗುತ್ತದೆ. ಕೊಡವರ ಹೆಸರಿನಲ್ಲಿ ಮೊದಲ ಅಕ್ಷರ ಊರಿನದಲ್ಲ, ಒಕ್ಕದ್ದು. ಒಬ್ಬ ಮೂಲಪುರುಷನಿಂದ ಬಂದ ಕುಲವೇ ಒಕ್ಕ, ಅದರ ಹಿರಿಮನೆಯೇ ಐನ್‌ಮನೆ. ಒಂದೇ ಒಕ್ಕದೊಳಗೆ ಮದುವೆ ಇಲ್ಲ. ಮನೆಹೆಸರುಗಳು ಬಹುಮಟ್ಟಿಗೆ ‘ಅಂಡ’, ‘ಇರ’, ‘ಅಡ’ ಎಂದು ಮುಗಿಯುತ್ತವೆ.

ಭಾರತದ ಹಾಕಿ ತಂಡದ ಹಳೆಯ ಪಟ್ಟಿಗಳನ್ನು ಬಿಡಿಸಿದರೆ ಈ ಮನೆಗಳು ಸಾಲಾಗಿ ಎದುರಾಗುತ್ತವೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ, 1973ರ ವಿಶ್ವಕಪ್‌ನಲ್ಲಿ ನಾಯಕನಾಗಿ ತಂಡವನ್ನು ಫೈನಲ್‌ಗೆ ಒಯ್ದ ಎಂ.ಪಿ. ಗಣೇಶ್ ಎಂದರೆ ಮೊಳ್ಳೇರ ಪೂವಯ್ಯ ಗಣೇಶ್. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರಲ್ಲಿ ಸಿಯೋಲ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಎಂದರೆ ಮನೆಯಪಂಡ ಮುತ್ತಣ್ಣ ಸೋಮಯ್ಯ. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಅಂಜಪರವಂಡ ಒಕ್ಕದವರು. ಇತ್ತೀಚಿನವರಲ್ಲಿ ಎಸ್.ಕೆ. ಉತ್ತಪ್ಪ ಸಣ್ಣುವಂಡ, ನಿಕ್ಕಿನ್ ತಿಮ್ಮಯ್ಯ ಚೆಂದಂಡ. ಅದೇ ಕೊಡಗಿನವರೇ ಆದ ಎಸ್.ವಿ. ಸುನಿಲ್ ಅವರಲ್ಲಿ ಮಾತ್ರ ಮತ್ತೆ ಊರು, ಅಪ್ಪ: ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್.

ಒಕ್ಕವೇ ತಂಡ

ಮನೆಹೆಸರನ್ನು ಹೆಮ್ಮೆಯಿಂದ ಆಟದ ಬಯಲಿಗೆ ತಂದದ್ದು ಕೊಡವ ಕೌಟುಂಬಿಕ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಇದನ್ನು ಆರಂಭಿಸಿದಾಗ ಆಡಲು ಬಂದದ್ದು 60 ಒಕ್ಕಗಳು. ನಿಯಮ ಸರಳ: ತಂಡದಲ್ಲಿರುವವರೆಲ್ಲ ಒಂದೇ ಮನೆಯವರಾಗಿರಬೇಕು. ಹಾಗಾಗಿ ಅಜ್ಜ ಮೊಮ್ಮಗನಿಗೆ ಚೆಂಡು ಕೊಡುವುದೂ, ಮನೆಯ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಜೊತೆ ಕೋಲು ಹಿಡಿದು ಇಳಿಯುವುದೂ ಇಲ್ಲಿ ಸಹಜ. ರಾಷ್ಟ್ರೀಯ ಆಟಗಾರ ಕೂಡ ತನ್ನ ಮನೆಯ ಹನ್ನೊಂದು ಜನರಲ್ಲಿ ಒಬ್ಬನಾಗಿ ಆಡುತ್ತಾನೆ. ಪ್ರತಿ ವರ್ಷ ಬೇರೆ ಬೇರೆ ಒಕ್ಕ ಆತಿಥ್ಯ ವಹಿಸುತ್ತದೆ, ಆ ವರ್ಷದ ಕಪ್ಪಿಗೆ ಅದೇ ಒಕ್ಕದ ಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳಿದ್ದವು, ಗಿನ್ನೆಸ್ ದಾಖಲೆಯೂ ಆಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396 ಒಕ್ಕಗಳು ಬಂದವು. ಮನೆಹೆಸರೇ ತಂಡದ ಹೆಸರಾಗಿ ಇಷ್ಟು ದೊಡ್ಡ ಪಂದ್ಯಾವಳಿ ನಡೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸ್ವೀಡನ್‌ನ ‘ಮಗ’ಂದಿರು

ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಸ್ವೀಡನ್‌ನಲ್ಲಿ ಹೆಸರಿನ ಕಥೆ ನಮ್ಮ ಹಳೆ ಮೈಸೂರಿನ ಪದ್ಧತಿಗೆ ಹತ್ತಿರವಾಗಿಯೇ ಶುರುವಾಗುತ್ತದೆ. ಅಲ್ಲಿ ಆಂಡರ್ಸ್ ಎಂಬವನ ಮಗ ಆಂಡರ್ಸನ್, ಮಗಳು ಆಂಡರ್ಸ್‌ದಾಟರ್. ಆ ಮಗನ ಹೆಸರು ಕಾರ್ಲ್ ಆದರೆ ಅವನ ಗಂಡುಮಕ್ಕಳು ಕಾರ್ಲ್‌ಸನ್. ತಲೆಮಾರಿಗೊಮ್ಮೆ ಹೆಸರು ಬದಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೂಢಿ ಸಡಿಲವಾಯಿತು, 1901ರ ಕಾನೂನು ಕುಟುಂಬದ ಹೆಸರನ್ನು ಸ್ಥಿರಗೊಳಿಸುವತ್ತ ನಡೆಯಿತು. ಅಪ್ಪ ಕಾರ್ಲ್ ಅಲ್ಲದಿದ್ದರೂ ಕಾರ್ಲ್‌ಸನ್ ಆಗಿ ಉಳಿದರು. ಅಮೆರಿಕದ ಸ್ಯಾನ್ ಹೋಸೆ ಶಾರ್ಕ್ಸ್ ತಂಡದಲ್ಲಿ ಎರಿಕ್ ಮತ್ತು ಮೆಲ್ಕರ್ ಎಂಬ ಇಬ್ಬರು ಕಾರ್ಲ್‌ಸನ್‌ಗಳು ಒಟ್ಟಿಗೆ ಆಡಿದ್ದಾರೆ. ಇಬ್ಬರಿಗೂ ನೆಂಟಸ್ತಿಕೆ ಇಲ್ಲ. ಅರಸೀಕೆರೆಯ ಜಾನ್ಸನ್ ಕೂಡ ಇದೇ ಬಗೆಯ ಹೆಸರು, ಸ್ವೀಡನ್‌ನ ಯೋಹಾನ್ಸನ್‌ಗೆ ಇಂಗ್ಲಿಷ್ ದಾಯಾದಿ.

ಒಂದೇ ಪಡೆಯಲ್ಲಿ ಹತ್ತಾರು ಆಂಡರ್ಸನ್‌ಗಳಿದ್ದರೆ ಕರೆಯುವುದು ಹೇಗೆ? ಅದಕ್ಕೆ ಸೇನೆಯವರು ಸಿಪಾಯಿಗಳಿಗೆ ಚುಟುಕು ಹೆಸರು ಕೊಟ್ಟರು: ಚುರುಕಾದವನು ಎಂಬರ್ಥದ ರಾಸ್ಕ್, ಧೈರ್ಯಶಾಲಿ ಎಂಬರ್ಥದ ಮೂದಿಗ್. ವಿಕ್ಟರ್ ರಾಸ್ಕ್ ಎಂಬ ಹಾಕಿ ಆಟಗಾರನ ಅಡ್ಡಹೆಸರು ಈ ಬಗೆಯದು. ಪಟ್ಟಣದ ಮಂದಿ ಪ್ರಕೃತಿಯ ಎರಡು ಪದ ಜೋಡಿಸಿ ಹೆಸರು ಕಟ್ಟಿಕೊಂಡರು. ಫೋರ್ಸ್‌ಬೆರಿ ಎಂದರೆ ಹೊಳೆಯ ರಭಸದ ಹರಿವು ಮತ್ತು ಬೆಟ್ಟ. ಬೆಕ್‌ಸ್ಟ್ರೋಮ್ ಎಂದರೆ ತೊರೆ ಮತ್ತು ಪ್ರವಾಹ. 1994ರ ಲಿಲ್‌ಹ್ಯಾಮರ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಪೆನಾಲ್ಟಿ ಹೊಡೆತದಲ್ಲಿ ಗೋಲು ಹಾಕಿ ಸ್ವೀಡನ್‌ಗೆ ಚಿನ್ನ ತಂದ ಪೀಟರ್ ಫೋರ್ಸ್‌ಬೆರಿಯ ಆ ಕ್ಷಣ ಅಂಚೆಚೀಟಿಯಾಗಿಯೂ ಬಂತು.

ಅಲ್ಲಿನ ಹಲವು ಕ್ಲಬ್‌ಗಳ ಹೆಸರು ಬಡಾವಣೆಗಳವು. ಫ್ರೋಲುಂಡಾ ಗೋಥೆನ್‌ಬರ್ಗ್ ನಗರದ ಭಾಗ, ಬ್ರಿನೆಸ್ ಯೆವ್ಲೆ ನಗರದ್ದು, ಯೂರ್‌ಗಾರ್ಡನ್ ಸ್ಟಾಕ್‌ಹೋಮ್‌ನ ದ್ವೀಪ. ಫೋರ್ಸ್‌ಬೆರಿ ಮತ್ತು ಅವಳಿಗಳಾದ ಹೆನ್ರಿಕ್, ಡೇನಿಯಲ್ ಸೆದೀನ್ ಬೆಳೆದ ಮೂಡೂ ಕ್ಲಬ್ ಮಾತ್ರ ಮರದ ಉದ್ಯಮದ ಕಂಪನಿಯೊಂದರ ಹೆಸರು ಹೊತ್ತಿದೆ.

ಪಟ್ಟಿಯಲ್ಲಿ ಬರೆಯುವ ಬಗೆ

ಅಂತರರಾಷ್ಟ್ರೀಯ ನಮೂನೆಗಳು ಕೊಟ್ಟ ಹೆಸರು, ಕುಟುಂಬದ ಹೆಸರು ಎಂಬ ಎರಡೇ ಖಾನೆ ಕೇಳುತ್ತವೆ. ಸ್ವೀಡನ್‌ನವರಿಗೆ ಅದು ಸರಿಹೊಂದುತ್ತದೆ. ನಮ್ಮವರು ಎರಡನೆಯ ಖಾನೆಯಲ್ಲಿ ಊರನ್ನೋ ಅಪ್ಪನನ್ನೋ ಬರೆಯಬೇಕಾಗುತ್ತದೆ. ಸುನಿಲ್ ಅವರ ಊರು ಹೊರದೇಶದ ಪಟ್ಟಿಗಳಲ್ಲಿ ‘ಸೌಮಾರ್‌ಪೇಟ್’ ಎಂದು ಅಚ್ಚಾದದ್ದು ಹಾಗೆಯೇ. ಕನ್ನಡ ಪತ್ರಿಕೆಗಳ ಆಟದ ಪುಟವಾದರೂ ಆಟಗಾರನ ಮೊದಲ ಪ್ರಸ್ತಾಪದಲ್ಲಿ ಅಕ್ಷರಗಳನ್ನು ಬಿಡಿಸಿ, ಊರು ಊರಾಗಿ, ಮನೆ ಮನೆಯಾಗಿ ಸರಿಯಾದ ಕಾಗುಣಿತದಲ್ಲಿ ಅಚ್ಚುಮಾಡಬೇಕು. ಎರಡನೆಯ ಸಲದಿಂದ ಎಸ್.ವಿ. ಸುನಿಲ್ ಎಂದರೆ ಸಾಕು.