ಕತ್ತಲೆ ಕೋಣೆಯ ಗಡಿಯಾರ

ಮಸ್ಕಿಯ ಬಂಡೆಯ ಮೇಲೆ ಕೊರೆದ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅಲ್ಲಿಯವರೆಗೆ ಅದು ಎರಡು ಸಾವಿರಕ್ಕೂ ಹೆಚ್ಚು ವರ್ಷ ಕಾದಿತ್ತು. ಫೋಟೊ ಫಿಲಂ ಮೇಲಿನ ಬಿಂಬಕ್ಕೆ ಅಷ್ಟು ತಾಳ್ಮೆಯಿಲ್ಲ. ಡೆವಲಪರ್ ದ್ರಾವಣದಲ್ಲಿ ಕೆಲವು ನಿಮಿಷ ಹೆಚ್ಚು ಉಳಿದರೆ ಮದುಮಗನ ಬಿಳಿ ಅಂಗಿಯ ನೆರಿಗೆಗಳು ಅಳಿಸಿಹೋಗುತ್ತವೆ. ಕಡಿಮೆಯಾದರೆ ಮುಖಗಳೇ ಮಂಕಾಗುತ್ತವೆ. ಚಿತ್ರ ಕೆಟ್ಟಿತೆಂದು ಮದುವೆಯನ್ನು ಇನ್ನೊಮ್ಮೆ ಮಾಡಿಸಲಾಗದು. ಆದ್ದರಿಂದಲೇ ಕಪ್ಪು-ಬಿಳುಪು ಚಿತ್ರಗಳ ಕಾಲದಲ್ಲಿ, ಅದು ಸಿಂಧನೂರು, ಲಿಂಗಸುಗೂರಿನಂತಹ ಊರಿನ ಸ್ಟುಡಿಯೊ ಇರಲಿ, ಹವ್ಯಾಸಿಯ ಮನೆಯ ಕತ್ತಲೆ ಕೋಣೆ ಇರಲಿ, ಕ್ಯಾಮೆರಾದಷ್ಟೇ ಮುಖ್ಯವಾದ ಉಪಕರಣವೆಂದರೆ ಗಡಿಯಾರ.

ಆದರೆ ಛಾಯಾಗ್ರಹಣ ಹುಟ್ಟಿದ ಕೂಡಲೇ ಗಡಿಯಾರ ಆ ಕೋಣೆಯನ್ನು ಹೊಕ್ಕಿರಲಿಲ್ಲ. 1855ರಲ್ಲಿ ಬೊಂಬಾಯಿ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡ ಕ್ಯಾಪ್ಟನ್ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಗುಡಿ-ಗುಮ್ಮಟಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ಆ ವಿಧಾನದಲ್ಲಿ ಮಂದ ಬೆಳಕಿನಲ್ಲಿ ಬಿಂಬ ಮೂಡುವುದನ್ನು ನೋಡುತ್ತಾ ಕುಳಿತು, ಸಾಕೆನಿಸಿದಾಗ ನಿಲ್ಲಿಸಬಹುದಿತ್ತು. ಕಣ್ಣೇ ಅಳತೆಗೋಲು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಗಾಜಿನ ಹಸಿ ಫಲಕದ ವಿಧಾನದಲ್ಲಿ ಅವಸರ ಹೆಚ್ಚು. ಲೇಪ ಒಣಗುವ ಮುನ್ನವೇ, ಅಂದರೆ ಸುಮಾರು 10 ನಿಮಿಷದೊಳಗೆ, ಎಲ್ಲ ಕೆಲಸ ಮುಗಿಯಬೇಕು. ನಮ್ಮ ಬಿಸಿಲಿನಲ್ಲಿ ಅಷ್ಟೂ ಸಮಯ ಸಿಗುತ್ತಿರಲಿಲ್ಲ. ಆಗಲೂ ಯಾವಾಗ ನಿಲ್ಲಿಸಬೇಕೆಂದು ಹೇಳುತ್ತಿದ್ದುದು ಕಣ್ಣೇ.

ಕಣ್ಣಿನ ಆಳ್ವಿಕೆಯನ್ನು ಮೊದಲು ಪ್ರಶ್ನಿಸಿದವರು ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್. ಬೆಳಕು ಮತ್ತು ಡೆವಲಪ್ ಮಾಡುವ ಸಮಯಕ್ಕೂ ನೆಗೆಟಿವ್‌ನ ಕಪ್ಪಿಗೂ ಇರುವ ಸಂಬಂಧವನ್ನು ಅಳೆದು, 1890ರಲ್ಲಿ ಅವರು ಪ್ರಕಟಿಸಿದರು. ಆದರೆ ಗಡಿಯಾರವನ್ನು ಅನಿವಾರ್ಯವಾಗಿಸಿದ್ದು ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕ. 1906ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂದಿತು. ಹಳೆಯ ಫಲಕಕ್ಕೆ ಕೆಂಪು ಬೆಳಕು ತಾಗಿದರೆ ತೊಂದರೆಯಿರಲಿಲ್ಲ. ಹೊಸದಕ್ಕೆ ಅದೂ ತಾಗುವಂತಿಲ್ಲ. ಪೂರ್ತಿ ಕತ್ತಲೆಯಲ್ಲಿ ಕಣ್ಣು ಏನು ಮಾಡೀತು? ಅದರ ಕೆಲಸವನ್ನು ಗಡಿಯಾರ ವಹಿಸಿಕೊಂಡಿತು.

ಹಾಗೆಂದು ಎಲ್ಲರೂ ವಿಶೇಷ ಯಂತ್ರವನ್ನೇ ಕೊಳ್ಳಬೇಕಾಗಿರಲಿಲ್ಲ. ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿಯೇ ಚಿತ್ರ ಮುದ್ರಿಸಿದವರಿದ್ದಾರೆ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್, ಸಂಗೀತಗಾರರು ಲಯಕ್ಕಾಗಿ ಬಳಸುವ ಮೆಟ್ರೊನೋಮ್ ಯಂತ್ರದ ಟಿಕ್ ಟಿಕ್ ಸದ್ದು ಕೇಳುತ್ತಾ ಸೆಕೆಂಡು ಎಣಿಸುತ್ತಿದ್ದರು. ಕೈಗಳು ದ್ರಾವಣದಲ್ಲಿರುವಾಗ, ಕಣ್ಣು ಚಿತ್ರದ ಮೇಲಿರುವಾಗ, ಕಿವಿಗೆ ಕೇಳುವ ಗಡಿಯಾರವೇ ಒಳ್ಳೆಯದು.

ಮನೆಯಲ್ಲಿ ಕತ್ತಲೆ ಕೋಣೆ ಮಾಡಿಕೊಳ್ಳುವವರಿಗೆ ಎರಡು ಬಗೆಯ ಲೆಕ್ಕ ಬೇಕು. ಫಿಲಂ ತೊಳೆಯುವುದು ನಿಮಿಷಗಳ ಲೆಕ್ಕ. ಬೆಳಕು ನುಗ್ಗದ ಮುಚ್ಚಿದ ಟ್ಯಾಂಕ್ ಇದ್ದರೆ ಗೋಡೆ ಗಡಿಯಾರವೂ ಸಾಕು. ತೆರೆದ ತಟ್ಟೆಯಲ್ಲಿ ತೊಳೆಯುವವರಿಗೆ ಮುಳ್ಳು ಹೊಳೆಯುವ ಗಡಿಯಾರ ಬೇಕು. ಅದನ್ನೂ ಫಿಲಂನಿಂದ ದೂರವಿಡಬೇಕು. ಎನ್‌ಲಾರ್ಜರ್‌ನಿಂದ ಕಾಗದಕ್ಕೆ ಬೆಳಕು ಕೊಡುವುದು ಸೆಕೆಂಡುಗಳ ಲೆಕ್ಕ. 5 ಸೆಕೆಂಡಿನಲ್ಲಿ 1 ಸೆಕೆಂಡು ತಪ್ಪಿದರೂ ಚಿತ್ರದಲ್ಲಿ ಕಾಣುತ್ತದೆ. ಇಲ್ಲಿ ದೀಪವನ್ನು ತಾನೇ ಹೊತ್ತಿಸಿ, ತಾನೇ ಆರಿಸುವ ಟೈಮರ್ ಲೇಸು.

ಕೊಳ್ಳುವಾಗ ಒಂದು ಎಚ್ಚರ ಬೇಕು. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ನಮ್ಮದು 50ರದ್ದು. ಆ ಆವರ್ತನವನ್ನೇ ನೆಚ್ಚಿ ತಿರುಗುವ ಮೋಟಾರಿನ ಹಳೆಯ ಅಮೆರಿಕನ್ ಟೈಮರ್ ಇಲ್ಲಿ ನಿಧಾನವಾಗುತ್ತದೆ. ಅದು 10 ನಿಮಿಷ ತೋರಿಸುವಷ್ಟರಲ್ಲಿ 12 ನಿಮಿಷ ಕಳೆದಿರುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಈ ದೋಷವನ್ನು ಸರಿಪಡಿಸದು. ಇನ್ನು ಫಿಲಂ ದ್ರಾವಣದಲ್ಲಿರುವಾಗ ಕರೆಂಟು ಹೋದರೆ ವಿದ್ಯುತ್ ಗಡಿಯಾರ ನಿಲ್ಲುತ್ತದೆ, ದ್ರಾವಣ ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ. ಆಗ ಕೈಹಿಡಿಯುವುದು ಕೀಲಿ ಕೊಡುವ ಗಡಿಯಾರ. 1961ರಿಂದ ಬೆಂಗಳೂರಿನಲ್ಲಿ ತಯಾರಾದ ಎಚ್‌ಎಂಟಿ ಕೈಗಡಿಯಾರಗಳು ಅಂಥವೇ. ಕಾರ್ಖಾನೆ ಈಗಿಲ್ಲ, ಆದರೆ ಅನೇಕ ಮನೆಗಳ ಕಪಾಟಿನಲ್ಲಿ ಅವು ಇನ್ನೂ ಇವೆ.

ಇಷ್ಟಾದರೂ ರಾಯಚೂರು ಸೀಮೆಯಲ್ಲಿ ಗಡಿಯಾರವೊಂದನ್ನೇ ನಂಬುವಂತಿಲ್ಲ. ಡೆವಲಪರ್ ತಯಾರಕರು ಕೊಡುವ ಸಮಯ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ್ದು. ಅಲ್ಲಿ 10 ನಿಮಿಷ ಬೇಕಾದ ಫಿಲಂಗೆ 24 ಡಿಗ್ರಿಯಲ್ಲಿ ಸುಮಾರು 7 ನಿಮಿಷ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸಿಂಧನೂರಿನಲ್ಲಿ ನಲ್ಲಿಯ ನೀರೇ ಬಿಸಿ. ಸಮಯ 5 ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರದಲ್ಲಿ ಕಲೆ ಬೀಳುವ ಭಯ. ಶಾಖ ಮಿತಿಮೀರಿದರೆ ಫಿಲಂ ಮೇಲಿನ ಲೇಪವೇ ಮೆತ್ತಗಾಗುತ್ತದೆ. ಆದ್ದರಿಂದ ಡೆವಲಪರ್ ಬಾಟಲಿಯನ್ನು ಮಂಜುಗಡ್ಡೆ ಹಾಕಿದ ಬೋಗುಣಿಯಲ್ಲಿಟ್ಟು ತಂಪು ಮಾಡಬೇಕು, ಇಲ್ಲವೇ ಬೆಳಗಿನ ಜಾವ ಕೆಲಸಕ್ಕಿಳಿಯಬೇಕು. ಮಂಜುಗಡ್ಡೆಯನ್ನು ದ್ರಾವಣದೊಳಗೇ ಹಾಕಿದರೆ ಅದು ನೀರಾಗಿ ಬಲ ಕಳೆದುಕೊಳ್ಳುತ್ತದೆ.

ಇಂದು ಪ್ರತಿ ಮೊಬೈಲಿನಲ್ಲೂ ಟೈಮರ್ ಇದೆ. ಆದರೆ ಕತ್ತಲೆ ಕೋಣೆಯಲ್ಲಿ ಅದರ ಪರದೆ ಹೊತ್ತಿಕೊಂಡರೆ ಫಿಲಂ, ಕಾಗದ ಎರಡೂ ಕೆಟ್ಟಾವು. ಹಳೆಯ ಕ್ಯಾಮೆರಾ ಹಿಡಿದು ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ದುಬಾರಿ ಟೈಮರ್ ಹುಡುಕುವ ಮೊದಲು ಒಳ್ಳೆಯ ಥರ್ಮಾಮೀಟರ್ ಕೊಳ್ಳುವುದು ಜಾಣತನ. ಶಾಖ ಎಷ್ಟೆಂದು ತಿಳಿಯದವನಿಗೆ ಗಡಿಯಾರ ಸರಿಯಾದ ಹೊತ್ತನ್ನು ಹೇಳಲಾರದು.