ರಾಣಿ ಕೊಟ್ಟಿದ್ದು ಬರೀ ಹೆಸರು



ಮೊನ್ನೆ ನಮ್ಮ ಕ್ಯಾಲನೂರಿನಲ್ಲಿ ಒಬ್ಬ ಹುಡುಗ ಇಂಗ್ಲೆಂಡ್ ರಾಜಮನೆತನದ ಮದುವೆ, ಜಗಳದ ವಿಡಿಯೋ ನೋಡ್ತಾ, "ಅಣ್ಣ, ಇವರಿಗೂ ನಮಗೂ ಏನಣ್ಣ ಸಂಬಂಧ?" ಅಂದ. ಸಂಬಂಧ ಐತೆ ಕಣಪ್ಪ. ಆ ಮನೆಯ ಕಥೆಯಲ್ಲಿ ನಮ್ಮ ಕಡೆಯ ಒಬ್ಬ ಹುಡುಗಿಯೂ ಇದ್ದಾಳೆ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಸಾಗಿಸಿದರು. ಮಗಳು ಗೌರಮ್ಮ ಅಲ್ಲಿ ಹುಟ್ಟಿದ್ದು 1841ರಲ್ಲಿ. ಕಂಪನಿ ಹಿಡಿದಿಟ್ಟ ಹಣ ವಾಪಸ್ ಕೇಳೋಕೆ 1852ರಲ್ಲಿ ಅರಸ ಲಂಡನ್ನಿಗೆ ಹೋದ, ಮಗಳನ್ನೂ ಕರೆದೊಯ್ದ. ಅಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತು ತನ್ನ ಹೆಸರಿಟ್ಟಳು. ಹನ್ನೊಂದು ವರ್ಷದ ಮಗುವನ್ನು ಅಪ್ಪನಿಂದ ದೂರ ಮಾಡಿ ಇಂಗ್ಲಿಷ್ ಮನೆಗಳಲ್ಲಿ ಬೆಳೆಸಿದರು. ಕೊಹಿನೂರ್ ಕಳೆದುಕೊಂಡ ಪಂಜಾಬಿನ ದುಲೀಪ್ ಸಿಂಗ್ ಜೊತೆ ಮದುವೆ ಮಾಡಿಸೋ ಆಸೆ ರಾಣಿಗಿತ್ತು, ಅವನು ಒಪ್ಪಲಿಲ್ಲ. 1860ರಲ್ಲಿ, ವಯಸ್ಸಿನಲ್ಲಿ ಬಹಳ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ ಮದುವೆ. ಒಂದು ಹೆಣ್ಣು ಮಗು. 1864ರಲ್ಲಿ ಸತ್ತಾಗ ಗೌರಮ್ಮನಿಗೆ 23 ತುಂಬಿರಲಿಲ್ಲ.

ಓದಿದರೆ ಹೊಟ್ಟೆ ಉರಿಯುತ್ತೆ. ಆದ್ರೆ ಇಲ್ಲಿಗೇ ನಿಲ್ಲಿಸಿದರೆ ಅದು ಅರಮನೆಯವರ ಚರಿತ್ರೆ ಆಗುತ್ತೆ, ನಮ್ಮದಲ್ಲ. ಗೌರಮ್ಮನ ವಂಶದ ಅರಸರ ಪಣ್ಯದ ಗದ್ದೆಗಳಲ್ಲಿ ಜೀತ ಮಾಡಿದವರು ಹೊಲೆಯರು. ಕೊಡಗಿನಲ್ಲಿ ಯರವರೂ ಜೀತದಲ್ಲೇ ಬದುಕಿದರು. ಆ ಗುಡಿಸಲುಗಳಲ್ಲೂ ಹನ್ನೊಂದು ವರ್ಷದ ಹುಡುಗಿಯರಿದ್ದರು. ಅವರ ಚಿತ್ರ ಯಾವ ಕಲಾವಿದನೂ ಬರೆಯಲಿಲ್ಲ. ಗೌರಮ್ಮನನ್ನು ಮಾತ್ರ ರಾಣಿಯ ಮೆಚ್ಚಿನ ವಿಂಟರ್‌ಹಾಲ್ಟರ್ ಚಿತ್ರಿಸಿದ.

ನಮ್ಮ ಜಿಲ್ಲೆಗೇ ಬನ್ನಿ. 1880ರಿಂದ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಬಂಗಾರ ತೆಗೆಯಿತು. ಗಣಿಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ನಮ್ಮ ದಲಿತರೇ. ಊರಿನ ಜಮೀನ್ದಾರನ ಕಾಟದಿಂದ ತಪ್ಪಿಸಿಕೊಂಡು ಕೂಲಿ ಕಂಡರು, ನಿಜ. ಜೊತೆಗೇ ಸಿಲಿಕೋಸಿಸ್ ಧೂಳೂ ಎದೆಗೆ ಇಳಿಯಿತು. ಬಂಗಾರ ಹಡಗು ಹತ್ತಿತು. ರಾಬರ್ಟ್‌ಸನ್‌ಪೇಟೆ ಅಂತ ದೊರೆಯ ಹೆಸರು ಊರಿಗೆ ಉಳಿಯಿತು.

ಅದಕ್ಕೇ ಬಾಬಾಸಾಹೇಬರು ನೆನಪಾಗ್ತಾರೆ. 1930ರ ನವೆಂಬರ್ 12ರಂದು ಐದನೇ ಜಾರ್ಜ್ ದೊರೆ ಲಂಡನ್ನಿನಲ್ಲಿ ದುಂಡುಮೇಜಿನ ಸಭೆ ಉದ್ಘಾಟಿಸಿದ. ಎಂಟು ದಿನ ಕಳೆದ ಮೇಲೆ ಅದೇ ಸಭೆಯಲ್ಲಿ ಅಂಬೇಡ್ಕರ್ ಎದ್ದು ನಿಂತು, ನೀವು ಬರೋ ಮೊದಲೂ ನಾವು ಊರ ಬಾವಿ ಮುಟ್ಟುವಂತಿರಲಿಲ್ಲ, ಈಗ ಮುಟ್ಟಬಹುದಾ ಅಂತ ಅವರ ಮುಖಕ್ಕೇ ಕೇಳಿದರು. ಹಳೇ ಅರಸನೂ ಬೇಡ, ಬಿಳೀ ದೊರೆಯೂ ಬೇಡ, ನಮ್ಮ ಪಾಲಿನ ಅಧಿಕಾರ ಕೊಡಿ ಅನ್ನೋದೇ ಅವರ ವಾದ.

ರಾಜನ ಮಗ ರಾಜ ಅಂದ್ರೆ ನಗ್ತೀವಿ. ಪೂಜಾರಿ ಮಗನೇ ಪೂಜಾರಿ, ಮಲ ಹೊರುವವನ ಮಗ ಮಲ ಹೊರಬೇಕು ಅಂದ್ರೆ ಸಂಪ್ರದಾಯ ಅಂತೀವಿ. ಎರಡರ ಬೇರೂ ಒಂದೇ, ಹುಟ್ಟು.

ತಮ್ಮಾ, ಸಂಬಂಧ ಇದೇ ಕಣೋ.